ಹಯಗ್ರೀವರಾಯರ ನಕ್ಷತ್ರದ ಗಂಟೆ

ಹಯಗ್ರೀವರಾಯರ ಕರಿಯ ಕೋಟಿನ ಕಾಲರು ಹಿಂದುಗಡೆ ಮಾತ್ರ ಸವೆದು ನೂಲು ಬಿಟ್ಟಿತ್ತು. ಸದಾ ಕತ್ತೆತ್ತಿ ಆಕಾಶ ನೋಡುವವರ ಕೋಟು ಬೇರೆಲ್ಲಿ ಸವೆದೀತು? ಹಲಸೂರಿನ ಓಣಿಯಲ್ಲಿ ಅವರು ನಡೆದು ಬಂದರೆ ಸೈಕಲ್ಲುಗಳೇ ಪಕ್ಕಕ್ಕೆ ಸರಿಯುತ್ತಿದ್ದವು. ಸರ್ವೆ ಇಲಾಖೆಯಿಂದ ನಿವೃತ್ತರಾದ ಆ ಮಹನೀಯರ ಮನೆಯ ಹಿಂದಿನ ಕೋಣೆಯಲ್ಲಿ, ವಿಮಾ ಕಚೇರಿಯ ಗುಮಾಸ್ತನಾದ ನಾನು ಬಾಡಿಗೆಗಿದ್ದೆ.

ಅವರ ಪಡಸಾಲೆಯ ಗಡಿಯಾರ ಸೂರ್ಯನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಪಕ್ಕದ ಇನಾಯತ್ ಉಲ್ಲಾ ಸಾಹೇಬರ ಮಹಡಿಗೋಡೆಯ ಅಂಚಿನಲ್ಲಿ ಪರಿಚಿತ ನಕ್ಷತ್ರವೊಂದು ಮರೆಯಾದ ಕ್ಷಣಕ್ಕೆ ರಾಯರು ದಿನವೂ ಅದರ ಮುಳ್ಳನ್ನು ಒಂದೇ ಗಂಟೆಗೆ ತಿದ್ದುತ್ತಿದ್ದರು. ನಕ್ಷತ್ರವೋ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬರುವಂಥದು. ಆದ್ದರಿಂದ ಗಡಿಯಾರ ತಿಂಗಳಿಗೆ ಎರಡು ಗಂಟೆ ಮುಂದೋಡುತ್ತಿತ್ತು. ಆ ವ್ಯತ್ಯಾಸವನ್ನು ಮನಸ್ಸಿನಲ್ಲೇ ಕಳೆದು ಊರಿನ ಗಂಟೆಯನ್ನು ಹೇಳುವುದು ಅವರ ನಿತ್ಯವಿಧಿ. ಗಂಟೆಯೆಷ್ಟೆಂದು ಕೇಳಿದರೆ, "ಯಾರ ಗಂಟೆ ಬೇಕು?" ಎನ್ನುವರು. ಇದನ್ನರಿಯದ ನಾನು ಮೊದಲ ವಾರ ಆ ಗಡಿಯಾರವನ್ನೇ ನಂಬಿದೆ. ಅದೃಷ್ಟಕ್ಕೆ ಆಗ ಅದು ಒಂದು ಗಂಟೆಯಷ್ಟೇ ಮುಂದಿತ್ತು. ಕಚೇರಿಗೆ ನಾನು ತಡವಾಗದೆ ಹೋದದ್ದು ಆ ವಾರ ಮಾತ್ರ.

ಮಗಳು ಅಂಬುಜಾಗೆ ಮದರಾಸಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು. ರಾಯರು ಅಷ್ಟು ದೂರ ಬೇಡವೆಂದರು. ಅವಳು ಹೋಗಿಯೇ ತೀರುವೆನೆಂದಳು. ಅಂದಿನಿಂದ ಅಪ್ಪ ಮಗಳಿಗೆ ಮಾತಿಲ್ಲ. ಸಾರು ಬೇಕೆಂಬುದೂ ರಾಯರ ಪತ್ನಿ ರಮಾಮಣಿಯವರ ಮೂಲಕವೇ ಸಾಗಬೇಕು. ಹೀಗೆ ಮುನಿಸಿನಲ್ಲೇ ಹೋಗಿಬಿಟ್ಟರೆ ಮತ್ತೆ ಈ ಹೊಸಿಲು ತುಳಿಯುತ್ತಾಳೋ ಇಲ್ಲವೋ ಎಂದು ಆಕೆ ನನ್ನೆದುರು ಕಣ್ಣೊರೆಸಿಕೊಂಡರು.

ಹೊರಡುವ ದಿನ, ಬೆಳಗಿನ ಗಾಡಿಗೆಂದು ರಾಯರೇ ಎಲ್ಲರನ್ನೂ ಎಬ್ಬಿಸಿದರು. ಕೀಲಿ ಕಾಣದ ನನ್ನ ಕೈಗಡಿಯಾರ ನನ್ನಂತೆಯೇ ಮಲಗಿತ್ತು. ಟ್ರಂಕು ಹೊತ್ತು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೋದರೆ ಅಲ್ಲಿ ಕೂಲಿಗಳೂ ಎದ್ದಿರಲಿಲ್ಲ.

"ರೀ, ಗಾಡಿಗೆ ಇನ್ನೂ ಎರಡು ಗಂಟೆ ಇದೆಯಲ್ರೀ," ಎಂದರು ರಮಾಮಣಿ, ಸ್ಟೇಷನ್ನಿನ ಗಡಿಯಾರ ನೋಡಿ.

ರಾಯರು ಕಳೆದ ತಿಂಗಳ ವ್ಯತ್ಯಾಸವನ್ನು ಕಳೆಯುವುದನ್ನೇ ಮರೆತಿದ್ದರು. ಎಂದೂ ಲೆಕ್ಕ ತಪ್ಪದ ಮನುಷ್ಯ ಪೆಚ್ಚಾಗಿ ನಿಂತರು.

"ತಪ್ಪಿದ್ದೇ ಒಳ್ಳೇದಾಯ್ತು. ಕೂತ್ಕೊಳ್ಳಿ ಅಪ್ಪ," ಎಂದು ಅಂಬುಜಾ ಟ್ರಂಕಿನ ಮೇಲೆ ಜಾಗ ಮಾಡಿದಳು.

ಕುಳಿತರು. ತಗಡಿನ ಸೂರಿನಾಚೆ ಒಂದು ನಕ್ಷತ್ರ ತೋರಿಸಿ, "ಮದರಾಸು ನಮಗೆ ಪೂರ್ವಕ್ಕಿದೆ. ಇದು ಅಲ್ಲಿ ಮೊದಲು ಹುಟ್ಟುತ್ತೆ. ನೀನು ನೋಡಿದ್ಮೇಲೆ ನನ್ನ ಹತ್ರ ಬರುತ್ತೆ. ನೋಡ್ತಿರಮ್ಮ," ಎಂದರು.

ಅವಳು ಅಪ್ಪನ ತೋಳಿಗೆ ಒರಗಿದಳು. ರಮಾಮಣಿಯವರು ನನಗೆ ಕಣ್ಸನ್ನೆ ಮಾಡಿದರು; ಕಾಫಿ ಹುಡುಕುವ ನೆಪದಲ್ಲಿ ನಾವಿಬ್ಬರೂ ದೂರ ಸರಿದೆವು.

ಕಾಲವನ್ನು ಇಷ್ಟು ಸೂಕ್ಷ್ಮವಾಗಿ ಅಳೆಯುವವರ ಜಾತಿಯೇ ಹೀಗೆ. ದೂರ, ದಿಕ್ಕು, ವೇಳೆಗಳನ್ನೆಲ್ಲ ಕೂಡಿ ಕಳೆದ ಮೇಲಷ್ಟೇ ಅವರ ಮಮತೆಗೆ ಬಾಯಿ ಬರುತ್ತದೆ. ಮಗಳಿಗೆ ಹೋಗಿ ಬಾ ಎನ್ನಲು ಅವರಿಗೆ ಇಡೀ ಆಕಾಶವೇ ಬೇಕಾಗುತ್ತದೆ.