ಮುಂದಿನ ಹಲ್ಲು

ರೊಟ್ಟಿಯ ಮೊದಲ ತುತ್ತು ಕಚ್ಚಿದ್ದೇ ತಡ, ತರನ್ನುಮ್ ಬಾಯಿ ಹಿಡಿದು ಕೂತುಬಿಟ್ಟಳು. ಅತ್ತೆ ಶಮ್ಸುನ್ನೀಸಾ ಏನಾಯಿತೆಂದು ಕೇಳಲಿಲ್ಲ, ಗೊತ್ತಿತ್ತು. ಶಿಡ್ಲಘಟ್ಟದ ರೇಷ್ಮೆ ಘಟಕದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ದುಡಿಯುವವರು. ನೂಲು ತುಂಡಾದರೆ ಗಂಟು ಹಾಕಿ, ಉಳಿದ ತುದಿಯನ್ನು ಮುಂದಿನ ಹಲ್ಲಿನಿಂದ ಕಟಕ್ಕನೆ ಕಡಿಯಬೇಕು. ದಿನಕ್ಕೆ ಅದೆಷ್ಟು ನೂರು ಸಲವೋ. ಸೊಸೆಗೆ ಇದನ್ನು ಹೆಮ್ಮೆಯಿಂದ ಕಲಿಸಿದ್ದು ಶಮ್ಸುನ್ನೀಸಾಳೇ. ಅವಳ ಎರಡು ಹಲ್ಲು ಹೋಗಿದ್ದೂ ಹೀಗೆಯೇ.

“ಕೀಳಿಸಿಬಿಡೋಣ ಬೇಟಿ. ನಮ್ಮ ಕೆಲಸದೋರಿಗೆ ಆ ಹಲ್ಲು ಉಳಿಯಲ್ಲ.”

“ಇಪ್ಪತ್ನಾಲ್ಕಕ್ಕೇ ಬೊಚ್ಚುಬಾಯಿ ಆಗ್ಬೇಕಾ ಅಮ್ಮಿ?”

ಆದರೂ ಶಮ್ಸುನ್ನೀಸಾ ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದದ್ದು ಕೀಳಿಸಲಿಕ್ಕೇ.

ದಂತವೈದ್ಯೆ ಗೌತಮಿ ಎಕ್ಸ್‌ರೇ ತೆಗೆದರು, ಹಲ್ಲಿಗೆ ತಣ್ಣನೆಯ ಹತ್ತಿ ಮುಟ್ಟಿಸಿದರು. ತರನ್ನುಮ್ ಬೆಚ್ಚಿಬಿದ್ದು, ಮರುಕ್ಷಣವೇ ಸರಿಹೋದಳು.

“ಬೇರಿನ ಸುತ್ತ ಬಾವು ಬಂದಿದೆ, ಅಷ್ಟೆ. ಹಲ್ಲಿಗೆ ಇನ್ನೂ ಜೀವ ಇದೆ. ಕೀಳಲ್ಲ.”

“ಕಿತ್ರೆ ನೋವೂ ಹೋಗುತ್ತಲ್ಲ ಮೇಡಂ? ನನಗೆ ಹಂಗೇ ಮಾಡಿದ್ರು.”

“ನೋವಿನ ಜೊತೆ ಹಲ್ಲೂ ಹೋಗುತ್ತಮ್ಮ. ಕೆಳಗಿನ ಹಲ್ಲು ಬಡಿಯದ ಹಾಗೆ ಚೂರು ಉಜ್ಜಿ ಸರಿ ಮಾಡ್ತೀನಿ. ನೋವಿಗೆ ಮಾತ್ರೆ ಕೊಡ್ತೀನಿ. ಎರಡು ವಾರ ಬಿಟ್ಟು ಬಂದು ತೋರಿಸಿ. ಆದ್ರೆ ಮತ್ತೆ ನೂಲು ಕಚ್ಚಿದ್ರೆ, ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.”

ಶಮ್ಸುನ್ನೀಸಾ ತನ್ನ ಖಾಲಿ ವಸಡು ಮುಟ್ಟಿಕೊಂಡಳು. “ನನ್ನವಕ್ಕೂ ಜೀವ ಇತ್ತೇನೋ,” ಎಂದಳು ಮೆಲ್ಲಗೆ. ಗೌತಮಿ ಅವಳ ಕೈ ಹಿಡಿದುಕೊಂಡರು.

ಮರುದಿನ ಘಟಕದಲ್ಲಿ ಶಮ್ಸುನ್ನೀಸಾ ಸಣ್ಣ ಕತ್ತರಿಯೊಂದನ್ನು ಲಾಡಿಯಲ್ಲಿ ಪೋಣಿಸಿ ಸೊಸೆಯ ಸೊಂಟಕ್ಕೆ ಕಟ್ಟಿದಳು. ಮಾಲೀಕ ಗಂಗುಲಪ್ಪ ಹತ್ತಿರ ಬಂದ.

“ಇದೇನಮ್ಮ? ಕತ್ತರಿ ಎತ್ತಿ ಇಳಿಸೋ ಹೊತ್ತಿಗೆ ಇನ್ನೆರಡು ಎಳೆ ತುಂಡಾಗಿ ಹೋಗಿರ್ತವೆ. ಸಂಜೆಗೆ ನೂಲು ಕಮ್ಮಿ ಬಂದ್ರೆ ತಗೊಳ್ಳೋರಿಗೆ ನಾನೇನು ಹೇಳ್ಲಿ?”

ಅವನ ಮಾತಿನಲ್ಲೂ ಸುಳ್ಳಿರಲಿಲ್ಲ.

“ಎಳೆ ಹೋದ್ರೆ ಗಂಟು ಹಾಕ್ಬೋದು ಯಜಮಾನ್ರೇ. ಅವಳ ಹಲ್ಲು ಹೋದ್ರೆ ಏನು ಮಾಡ್ಲಿ? ಕಚ್ಚೋದು ಕಲಿಸಿದ್ದು ನಾನು. ತಪ್ಪು ನಂದು.”

ಗಂಗುಲಪ್ಪ ತಲೆ ಕೆರೆದುಕೊಂಡು ಮುಂದಿನ ಸಾಲಿಗೆ ಹೋದ. ಶಮ್ಸುನ್ನೀಸಾ ತನ್ನ ಜಾಗದಲ್ಲಿ ಕೂತಳು. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ಅವಳ ನೂಲು ತುಂಡಾಯಿತು. ಗಂಟು ಹಾಕಿದಳು. ಮೂವತ್ತು ವರ್ಷದ ಅಭ್ಯಾಸ, ಬಿಡೆಂದರೆ ಬಿಟ್ಟೀತೇ? ತುದಿ ತಾನಾಗಿಯೇ ಬಾಯಿಗೆ ಹೋಯಿತು, ಉಳಿದಿದ್ದ ಪಕ್ಕದ ಹಲ್ಲುಗಳ ನಡುವೆ.

ತರನ್ನುಮ್ ಈ ಕಡೆ ಬಾಗಿ, ಅತ್ತೆಯ ತುಟಿಯ ಹತ್ತಿರವೇ ಆ ಎಳೆಯನ್ನು ಕತ್ತರಿಸಿದಳು.