ಒಣಗಿದಂತೆ ಕಂಡ ಕಡ್ಡಿಗಳು

ನನ್ನ ತಂಗಿಯ ಗಂಡ ಕ್ಷೌರಿಕ. ಒಳ್ಳೆಯವನೇ, ಆದರೆ ಕೈಯಲ್ಲಿ ಕತ್ತರಿ ಇದ್ದರೆ ಸುಮ್ಮನೆ ಕೂರುವ ಪೈಕಿಯಲ್ಲ. ಕಿಟಕಿಯ ಪರದೆಯಲ್ಲಿ ಒಂದು ದಾರ ಜೋತುಬಿದ್ದರೂ ಅವನಿಗೆ ಊಟ ಸೇರದು. ಕತ್ತರಿರಾಯ ಎಂದು ನಾನು ಛೇಡಿಸಿದರೆ ಹಲ್ಲುಕಿರಿಯುತ್ತಿದ್ದ. ಹಿತ್ತಲಿಗೆ ಮಾತ್ರ ತಂಗಿ ಅವನನ್ನು ಸೇರಿಸುತ್ತಿರಲಿಲ್ಲ. ಗೋಡೆಯುದ್ದಕ್ಕೂ ತಂತಿ ಎಳೆದು ಅವಳು ಬೆಳೆಸಿದ ರಾಸ್ಪ್‌ಬೆರಿ ಗಿಡಗಳಿಗೆ ಗೊಬ್ಬರ, ನೀರು, ಕಟಾವು ಎಲ್ಲ ಅವಳದೇ.

ಆ ಚಳಿಗಾಲ ಅವಳು ಆಸ್ಪತ್ರೆ ಸೇರಿದಳು. ಬೇಸಿಗೆ ದಾಟುವುದು ಕಷ್ಟ ಎಂದು ವೈದ್ಯರು ನಮ್ಮ ಮೂವರನ್ನೂ ಕೂರಿಸಿಕೊಂಡೇ ಹೇಳಿಬಿಟ್ಟರು. ತಂಗಿ ಅಳಲಿಲ್ಲ. ಬಾಯಿಗಿಟ್ಟದ್ದೆಲ್ಲ ಮಣ್ಣು ಮಣ್ಣು ಎಂದು ಗೊಣಗುತ್ತಿದ್ದವಳು ನನ್ನ ಕೈ ಹಿಡಿದು, "ಹಿತ್ತಲ ಹಣ್ಣು ಬಿಡೋವರೆಗೆ ಇದ್ರೆ ಸಾಕು ಕಣೇ ಅಕ್ಕ. ಒಂದು ಹಿಡಿ ತಿಂದು ಹೋಗ್ತೀನಿ" ಅಂದಳು. "ಹೋಗೋ ಮಾತು ಯಾಕೀಗ?" ಎಂದು ಗದರಿದೆ. ಆಮೇಲೆ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಆ ಮಾತು ಕತ್ತರಿರಾಯನ ಕಿವಿಗೂ ಬಿದ್ದಿತ್ತು. ಅವಳು ಮನೆಗೆ ಬರುವ ಹೊತ್ತಿಗೆ ಗಿಡ ಸಜ್ಜಾಗಿರಲಿ ಎಂದು ಅಂಗಡಿಗೆ ಬಾಗಿಲು ಹಾಕಿ, ಇಡೀ ದಿನ ಹಿತ್ತಲಲ್ಲೇ ದುಡಿದ. ಅವಳನ್ನು ಕರೆತಂದ ದಿನ ಚಪ್ಪಲಿ ಬಿಡಲೂ ಬಿಡದೆ ನೇರ ಅಲ್ಲಿಗೇ ನಡೆಸಿಕೊಂಡು ಹೋದ.

"ನೋಡು, ಒಣಕಲು ಕಡ್ಡಿ ಒಂದೂ ಬಿಟ್ಟಿಲ್ಲ. ಇನ್ನು ಹೊಸದು ಚಿಗುರಿ ಹಣ್ಣು ಸುರಿಯುತ್ತೆ!"

ನಾನು ಗೋಡೆಯ ಕಡೆ ನೋಡಿದೆ. ಗೋಡೆಯುದ್ದಕ್ಕೂ ಬರೀ ಮಣ್ಣು, ಮೇಲೆ ಖಾಲಿ ತಂತಿ. ಆ ಕಡ್ಡಿಗಳು ಒಣಗಿರಲಿಲ್ಲ. ತಂಗಿ ಬೆಳೆಸಿದ್ದ ತಳಿಯಲ್ಲಿ ಒಂದು ವರ್ಷ ಮೇಲೆದ್ದ ಕಡ್ಡಿ ಆ ವರ್ಷ ಬರೀ ಎಲೆ ಬಿಡುತ್ತದೆ. ಚಳಿಯಲ್ಲಿ ಬೋಳಾಗಿ ಸತ್ತಂತೆ ನಿಂತು, ಮರುವರ್ಷ ಹಣ್ಣು ಕೊಡುತ್ತದೆ. ಹಣ್ಣು ಮುಗಿದ ಹಳೆಯ ಕಡ್ಡಿಗಳನ್ನು ತಂಗಿ ಆಸ್ಪತ್ರೆ ಸೇರುವ ಮೊದಲೇ ಕತ್ತರಿಸಿ ಎಸೆದಿದ್ದಳು. ಅವಳು ಉಳಿಸಿದ್ದೆಲ್ಲ ಈ ಬೇಸಿಗೆಯ ಹಣ್ಣಿಗಾಗಿ.

"ಅಯ್ಯೋ, ಏನಯ್ಯಾ ನೀನು..." ಎಂದು ನಾನು ಬಾಯಿ ತೆರೆದದ್ದೇ ತಡ, ತಂಗಿ ನನ್ನ ಮಣಿಕಟ್ಟು ಚಿವುಟಿದಳು.

"ಎಷ್ಟು ಚೊಕ್ಕ ಮಾಡಿದ್ದೀರಾ! ಇಷ್ಟು ನೀಟಾಗಿ ನಂಗೂ ಬರಲ್ಲ" ಅಂದಳು. ಅವನ ಮುಖ ಊರಗಲವಾಯಿತು.

ಮಂಚದ ಮೇಲೆ ಮಲಗಿಸುವಾಗ ಅವಳೇ ಪಿಸುಗುಟ್ಟಿದಳು. "ಅವರಿಗೆ ಹೇಳ್ಬೇಡ. ನಾನು ಹೋದ್ಮೇಲೂ ಹೇಳ್ಬೇಡ. ಇರೋ ದುಃಖಾನೇ ಸಾಕು ಅವರಿಗೆ."

"ಹಣ್ಣು?"

"ಹಣ್ಣೇನು, ಬಿಡು." ಬಿಡು ಅಂದವಳು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು. ನಾನು ಸಿಟ್ಟಿನಲ್ಲೇ ಮಾತು ಕೊಟ್ಟೆ.

ಬೇಸಿಗೆಗೆ ಹೊಸ ಕಡ್ಡಿಗಳು ಎದೆಯೆತ್ತರ ಬೆಳೆದು ಹಸಿರು ಉಕ್ಕಿಸಿದವು. ಅವನು ದಿನಾ ಬೆಳಿಗ್ಗೆ ಎಲೆ ಎತ್ತಿ ಎತ್ತಿ ಹೂವು ಹುಡುಕುತ್ತಿದ್ದ. "ಈ ಸಲ ತಡ ಅಲ್ವಾ?" ಎಂದು ಕಿಟಕಿಯಿಂದಲೇ ಕೇಳುವನು. "ಸ್ವಲ್ಪ ತಡ ಕಣ್ರೀ" ಎಂದು ಒಳಗಿನಿಂದ ಇವಳು. ತಡೆಯಲಾರದೆ ಅವನು ಹಣ್ಣಿನಂಗಡಿಯಿಂದ ಒಂದು ಡಬ್ಬಿ ರಾಸ್ಪ್‌ಬೆರಿ ತಂದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು, ಉಳಿದದ್ದನ್ನು ನನ್ನ ಕಡೆ ಸರಿಸಿದಳು. ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟಳು.

ಮರುವರ್ಷ ಗಿಡಗಳು ಹಣ್ಣಿನ ಭಾರಕ್ಕೆ ತಂತಿಯನ್ನೇ ಬಗ್ಗಿಸಿದವು. ಬನ್ನಿ ಎಂದು ಅವನು ಹೇಳಿಕಳಿಸಿದ. ಹಣ್ಣು ಬಿಡಿಸಲಿಕ್ಕೆಂದು ಪಾತ್ರೆ ಹಿಡಿದು ಹೋದೆ. ಅವನು ಗುದ್ದಲಿ ಹಿಡಿದು ನಿಂತಿದ್ದ.

"ನೋಡಿ ಅತ್ತಿಗೆ, ಈಗ ಬಿಟ್ಟಿದೆ. ಮಗು ಥರ ಸಾಕಿದ್ಲು. ಸಾಯೋಳು ಬಾಯಿಬಿಟ್ಟು ಕೇಳಿದಾಗ ಒಂದು ಹಣ್ಣು ಕೊಡ್ಲಿಲ್ಲ. ಇಂಥ ದ್ರೋಹಿ ಗಿಡ ನಮ್ಮನೇಲಿ ಬೇಡ."

ಗಿಡದ ತಪ್ಪಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಂಗಿಯದೆಂದು ಆ ಮನೆಯಲ್ಲಿ ಉಸಿರಾಡುತ್ತಿದ್ದದ್ದು ಅದೊಂದೇ. ಅದನ್ನು ಉಳಿಸಲು ಆ ಮಾತು ಸಾಕಿತ್ತು. ಅವನನ್ನು ಮುಗಿಸಲೂ ಸಾಕಿತ್ತು.

"ನಾಲ್ಕು ಹಣ್ಣಾದ್ರೂ ಕಿತ್ಕೊಳ್ಳಯ್ಯಾ."

"ಅವಳು ತಿನ್ನದೇ ಇದ್ದದ್ದು ನಂಗ್ಯಾಕೆ?"

ಅವನ ಮೇಲೆ, ಸತ್ತ ತಂಗಿಯ ಮೇಲೆ, ಕೊಟ್ಟ ಮಾತಿನ ಮೇಲೆ ನನಗೆ ಹೇಳತೀರದಷ್ಟು ಸಿಟ್ಟು ಬಂತು. ಪಾತ್ರೆ ಕೆಳಗಿಟ್ಟು ಇನ್ನೊಂದು ಗುದ್ದಲಿ ತಂದೆ. ಬೇರು ಹಿತ್ತಲ ತುಂಬ ಹಬ್ಬಿತ್ತು, ಅವನೊಬ್ಬನ ಕೈಲಿ ಆಗುವ ಕೆಲಸವಾಗಿರಲಿಲ್ಲ. ಗಿಡ ಅಲುಗಾಡಿದಾಗಲೆಲ್ಲ ಹಣ್ಣು ಉದುರಿ ಕಾಲಡಿಗೆ ಸಿಗುತ್ತಿತ್ತು. ನಾವಿಬ್ಬರೂ ಸಂಜೆಯವರೆಗೆ ಅಗೆದೆವು.