ನಡುಗಲ್ಲಿನ ಮೇಲೆ ನಿಂತ ಭಾವ

ನನ್ನ ಭಾವನಷ್ಟು ನಯವಾಗಿ ಸುಳ್ಳು ಹೇಳುವವರನ್ನು ನಾನು ಕಂಡಿಲ್ಲ. ಅವರು ಪುರಾತನ ಕಟ್ಟಡಗಳ ಇಲಾಖೆಯಲ್ಲಿ ಇಂಜಿನಿಯರು. ನಾನು ಈ ಹಳೆಯ ಬಯಲು ರಂಗಮಂದಿರದಲ್ಲಿ ಗೈಡು. ಇಲ್ಲಿನ ಮೇಲಿನ ಕಲ್ಲುಸಾಲುಗಳನ್ನು ಒಡೆದು ಗಾಜಿನ ಹೋಟೆಲು ಕಟ್ಟುತ್ತಾರಂತೆ ಎಂಬ ಸುದ್ದಿ ಬಂದಾಗಿನಿಂದ ನನಗೆ ಮೈಯೆಲ್ಲ ಉರಿ. ಕೋರ್ಟಿಗೆ ಹೋಗಿ ತಡೆ ತರುತ್ತೇನೆ ಎಂದಿದ್ದೆ.

"ನಿನ್ನ ಕಲ್ಲನ್ನ ಯಾರೂ ಮುಟ್ಟಲ್ಲ ಕಣಮ್ಮ," ಎಂದಿದ್ದರು ಭಾವ. ಅಕ್ಕ ನಂಬಿದಳು.

"ಅವರೇ ಮಾತು ಕೊಟ್ಟ ಮೇಲೆ ಕೋರ್ಟು ಗೀರ್ಟು ಯಾಕೆ? ನನ್ನ ಮಾನ ಕಳೀಬೇಡ," ಎಂದಳು. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ರಂಗದ ಮಧ್ಯೆ ಒಂದು ದುಂಡು ಕಲ್ಲಿದೆ. ನಾವು ಗೈಡುಗಳು ಅದನ್ನು ನಡುಗಲ್ಲು ಎನ್ನುತ್ತೇವೆ. ಅಲ್ಲಿ ನಿಂತು ಕಾಗದ ಹರಿದರೂ ತುತ್ತತುದಿಯ ಸಾಲಿಗೆ ಕೇಳುತ್ತದೆ. ತುದಿಯಲ್ಲಿ ಆಡಿದ ಮಾತು ಅಲ್ಲಿಗೂ ಇಳಿಯುತ್ತದೆ. ಇದೆಲ್ಲ ಗೈಡುಗಳ ಬುರುಡೆ ಎಂದು ಭಾವ ನಗುತ್ತಿದ್ದರು. ಒಂದು ದಿನವೂ ಮೇಲೆ ಹತ್ತಿ ಕೂತವರಲ್ಲ.

ಆವತ್ತು ಮಧ್ಯಾಹ್ನ ಪ್ರವಾಸಿಗರನ್ನು ತುದಿಯ ಸಾಲಿನಲ್ಲಿ ಕೂರಿಸಿದ್ದೆ. ನಾನು ಮರೆತುಬಂದ ಊಟದ ಡಬ್ಬಿ ಹಿಡಿದು ಅಕ್ಕನೂ ಏದುಸಿರು ಬಿಡುತ್ತ ಹತ್ತಿಬಂದಳು. ಕೆಳಗೆ ಭಾವ ಗುತ್ತಿಗೆದಾರನ ಜೊತೆ ಬಂದು ನೇರ ನಡುಗಲ್ಲಿನ ಮೇಲೆ ನಿಂತರು. "ಈಗ ಎಲ್ಲರೂ ಸುಮ್ಮನೆ ಕಿವಿಗೊಡಿ," ಎಂದೆ. ರೆಕಾರ್ಡು ಮಾಡಲು ಫೋನುಗಳು ಎದ್ದವು.

ಭಾವ ಗುತ್ತಿಗೆದಾರನ ಕಿವಿಯ ಹತ್ತಿರ ಬಾಗಿದರು. "ಸೋಮವಾರಾನೇ ಮೇಲಿನ ಸಾಲು ಒಡೆದುಬಿಡಿ. ಆಮೇಲೆ ಬೊಬ್ಬೆ ಹೊಡೆದು ಯಾರು ಏನು ಮಾಡ್ತಾರೆ?"

"ನಿಮ್ಮ ನಾದಿನಿ ಸುಮ್ಮನಿರ್ತಾರಾ?"

"ಅವಳ ಬಾಯಿಗೆ ನನ್ನ ಹೆಂಡ್ತೀನೇ ಬೀಗ ಹಾಕಿದ್ದಾಳೆ. ನನ್ನವಳು ಪೆದ್ದಿ. ಹಗಲನ್ನ ರಾತ್ರಿ ಅಂದ್ರೂ ಹೂಂ ಅಂತಾಳೆ."

ನನ್ನ ಸಿಟ್ಟು ನೆತ್ತಿಗೇರಿತು. ಕಿರುಚಲು ಎದ್ದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು. ಅವಳ ಕಿವಿ ಕೆಂಪಾಗಿತ್ತು. ಕೂಗಲಿಲ್ಲ. ದಿನಾ ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದಳು:

"ರೀ, ಕೇಳಿಸ್ತಿದೆ."

ಗುತ್ತಿಗೆದಾರ ಕಲ್ಲಿನಿಂದ ಹಾರಿ ಪಕ್ಕಕ್ಕೆ ಸರಿದ. ಭಾವ ತಲೆಯೆತ್ತಿ ಸಾಲು ಸಾಲಾಗಿ ಹುಡುಕಿದರು. ಕಡೆಗೆ ನಾವು ಅವರ ಕಣ್ಣಿಗೆ ಬಿದ್ದೆವು.

ಅಕ್ಕ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟಳು. "ಬೇಗ ಉಣ್ಣು. ಕೋರ್ಟಿಗೆ ಇವತ್ತೇ ಹೋಗೋಣ. ಸಾಕ್ಷಿ ನಾನು ಹೇಳ್ತೀನಿ."

ಅದನ್ನು ಅವಳು ನನ್ನ ಕಿವಿಯಲ್ಲಿ ಹೇಳಲಿಲ್ಲ. ಕೆಳಗೆ ನೋಡುತ್ತಲೇ ಹೇಳಿದಳು.